ಎರಡು ಸೆಕೆಂಡಿನ ಚಿಂತೆ

ಸೀತಾಂಗೋಳಿಯಲ್ಲಿ ಕಂಪ್ಯೂಟರ್ ಕಲಿಸುವ ಸುಕುಮಾರ ಮಾಷ್ಟ್ರಿಗೆ ಒಂದೇ ಚಿಂತೆ: ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ತಾವು ಓಡಿಸುವ, ಬರೀ ಸಾಫ್ಟ್‌ವೇರಿನಿಂದಾದ ಇನ್ನೊಂದು ಕಂಪ್ಯೂಟರಿನ ಗಡಿಯಾರ ಯಾಕೆ ಹಿಂದೆ ಬೀಳುತ್ತದೆ? ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಅದರ ಕರ್ನಲ್ಲಿನ, ಅಂದರೆ ಅದನ್ನು ನಡೆಸುವ ಮೂಲ ಸಾಫ್ಟ್‌ವೇರಿನ, ಟೈಮರನ್ನು ನೂರಕ್ಕೆ ಇಳಿಸುತ್ತಾರೆ, ಮನಸ್ಸು ಒಪ್ಪದೆ ಇನ್ನೂರೈವತ್ತಕ್ಕೆ ಏರಿಸುತ್ತಾರೆ. ಪ್ರತಿ ಸಲ ಕರ್ನಲ್ ಹೊಸದಾಗಿ ಕಟ್ಟಿ ಮುಗಿಯುವಷ್ಟರಲ್ಲಿ ಮೂರು ಚಾ ಆಗಿರುತ್ತದೆ. ಆಮೇಲೆ ಪರದೆಗೆ ಮೂಗು ತಾಗಿಸಿ, ತಮ್ಮ ಕೈಗಡಿಯಾರದ ಸೆಕೆಂಡಿನ ಮುಳ್ಳಿಗೆ ಒಳಗಿನ ಗಡಿಯಾರವನ್ನು ಹೋಲಿಸುತ್ತಾರೆ. ಪ್ರಿಂಟ್ ತೆಗೆಸಲು ಬಂದವರಿಗೂ ಬಿಡುಗಡೆಯಿಲ್ಲ: “ಮಿನಿಟಿಗೆ ಎರಡು ಸೆಕೆಂಡು ಕಾಣುದಿಲ್ಲ ಮಾರಾಯ್ರೆ, ಅದು ಎಲ್ಲಿಗೆ ಹೋಗುದು?” ಮೊನ್ನೆ ನಾನು ಪ್ರಿಂಟಿಗೆ ಹೋದಾಗ ನೋಡಿದರೆ ಅವರ ಕೈಗಡಿಯಾರವೇ ಒಂದೂವರೆ ಗಂಟೆ ಹಿಂದಿತ್ತು. ಸರಿಮಾಡಲು ಹೇಳಿದೆ. ಮಾಷ್ಟ್ರು ಅದನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡರು: “ಇದು ಸರಿಯೇ ಉಂಟು. ಶಾರ್ಜಾದಲ್ಲಿ ನಮ್ಮ ಮನೆಯವಳಿಗೆ ಈಗ ಊಟದ ಹೊತ್ತು.”