ಎರಡು ಸಲ ಕರೆದ ದನಿ

ದೆವ್ವ, ಗಾಳಿ, ಸೋಕು ಎಂದರೆ ಮೊದಲು ನಗುತ್ತಿದ್ದವನು ನಾನೇ. ಈ ಪರದೇಶದ ಕ್ಯಾಂಟನ್ ಊರಿನಲ್ಲಿ ನಮ್ಮ ಕನ್ನಡದವರು ಊಟಕ್ಕೆ ಸೇರಿದಾಗ ಯಾರಾದರೂ ಇಂಥ ಕಥೆ ತೆಗೆದರೆ ನಡುವೆ ಬಾಯಿ ಹಾಕಿ ಅದರ ಮಜಾ ಕೆಡಿಸುತ್ತಿದ್ದೆ. ಕಾರಿನ ಬ್ರೇಕ್ ಪರೀಕ್ಷಿಸುವುದು ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮಗೆ ಹೇಳುವುದಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಗದಗಿನಲ್ಲಿ ನಮ್ಮ ಅವ್ವ ಒಂದು ನಿಯಮ ಇಟ್ಟಿದ್ದಳು. ಮಟಮಟ ಮಧ್ಯಾಹ್ನ, ಜನರಿಲ್ಲದ ಕಡೆ ಯಾರಾದರೂ ಹೆಸರು ಹಿಡಿದು ಕರೆದರೆ ತಟ್ಟನೆ ಓ ಎನ್ನಬಾರದು. ಗಾಳಿ ಎರಡೇ ಸಲ ಕರೆಯುತ್ತದಂತೆ. ಮೂರನೆಯ ಸಲ ಕರೆದರೆ ಮಾತ್ರ ಅದು ಮನುಷ್ಯ, ಆಗ ಓ ಎನ್ನಬಹುದು. ಅದಕ್ಕೂ ಮೊದಲೇ ಓ ಎಂದವನನ್ನು ಗಾಳಿ ತನ್ನ ಜೊತೆ ಕರೆದುಕೊಂಡು ಹೋಗುತ್ತದೆ. ಈ ಮಾತಿಗಾಗಿ ನಾನು ಅವ್ವನನ್ನು ಅವಳು ಸಾಯುವವರೆಗೂ ಕಾಡಿಸಿದ್ದೇನೆ.

ಆರೇಳು ವರ್ಷದ ಹಿಂದಿನ ಮಾತು. ನನ್ನ ಗೆಳೆಯ ಇರ್ಫಾನ್ ವಿಜಯಪುರದವನು, ಇಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮೆಟಲ್ ಡಿಟೆಕ್ಟರ್ ಹಿಡಿದು ನೆಲದೊಳಗಿನ ಲೋಹ ಹುಡುಕುವ ಹುಚ್ಚನ್ನು ನನಗೆ ಹಚ್ಚಿದವನು ಅವನೇ. ಹಳೆಯ ಫಾರ್ಮುಗಳ ಮಾಲೀಕರನ್ನು ಕಂಡು, ಒಪ್ಪಿಗೆ ಕೇಳಿಕೊಂಡು, ರವಿವಾರ ಇಬ್ಬರೂ ಹೋಗುತ್ತಿದ್ದೆವು. ಸಿಗುತ್ತಿದ್ದದ್ದು ತುಕ್ಕು ಹಿಡಿದ ಮೊಳೆ, ಕುದುರೆ ಲಾಳ, ಯಾರದೋ ಕೋಟಿನ ಗುಂಡಿ. ಅಷ್ಟಕ್ಕೇ ಅವನು ಹಿರಿಹಿರಿ ಹಿಗ್ಗುತ್ತಿದ್ದ.

ಆ ಏಪ್ರಿಲ್ ರವಿವಾರ ವಿಕ್ಸಮ್ ಊರು ದಾಟಿ ಇಪ್ಪತ್ತು ಮೈಲು ಆಚೆಯ ಒಂದು ಬೀಳುಭೂಮಿಗೆ ಹೊರಟಿದ್ದೆವು. ಅಲ್ಲೊಂದು ಕಾಲಕ್ಕೆ ಮನೆ ಇತ್ತಂತೆ. ತಾನು ಜಮೀನು ಕೊಂಡಾಗಲೇ ಆ ಮನೆ ಬಿದ್ದುಹೋಗಿತ್ತು, ಹುಲ್ಲು ಬಿಟ್ಟರೆ ಏನೂ ಇಲ್ಲ, ತೋಡಿದ್ದನ್ನು ಮುಚ್ಚಿ ಹೋಗಿ ಎಂದಷ್ಟೇ ಮಾಲೀಕ ಮುದುಕ ಹೇಳಿದ್ದ. ಕಾರಿನಲ್ಲಿ ಅದೂ ಇದೂ ಮಾತಾಡುತ್ತ ನಮ್ಮ ತಾಯಂದಿರ ವಿಷಯ ಬಂತು. ಅವನ ತಾಯಿಯೂ ಅದೇ ಮೂರು ಕರೆಯ ನಿಯಮ ಹೇಳುತ್ತಿದ್ದಳೆಂದು ತಿಳಿದು ಬಿದ್ದು ಬಿದ್ದು ನಕ್ಕೆವು.

"ಸಾಹೇಬ್ರ, ನಾ ಕರದ್ರ ಒಂದ ಸಲಕ್ಕ ಓ ಅನ್ರಿ ಮತ್ತ," ಎಂದ ಇರ್ಫಾನ್. "ಮೂರು ಸಲ ಒದರೂ ಅಷ್ಟು ದಮ್ಮಿಲ್ಲ ನನಗ."

ಜಮೀನಿನ ನಡುವೆ ಹಳೆಯ ಮರಗಳ ಒಂದು ಸಾಲಿತ್ತು. ಅವನು ಮರಗಳ ಆಚೆ, ನಾನು ಈಚೆ; ಒಂದು ಗಂಟೆಗೆ ಕಾರಿನ ಹತ್ತಿರ ಊಟ ಎಂದು ಮಾತಾಯಿತು. ಬಿಸಿಲಿದ್ದರೂ ಥಂಡಿ, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೈದು ಡಿಗ್ರಿ ಇರಬೇಕು. ನಾನು ಹೆಡ್‌ಫೋನ್ ಹಾಕಿಕೊಂಡು ತಗ್ಗಿಸಿದ ತಲೆ ಎತ್ತದೆ ಕೆಲಸ ಮಾಡಿದೆ.

ಹನ್ನೆರಡು ದಾಟಿ ಸ್ವಲ್ಪ ಹೊತ್ತಾಗಿತ್ತು. ಡಿಟೆಕ್ಟರ್‌ನ ಸದ್ದು ಒಮ್ಮೆಲೇ ನಿಂತಿತು. ಆಗ ಯಾರೋ ಕರೆದರು: "ಗುಂಡ್ಯಾ."

ಅದು ಅವ್ವ ನನಗಿಟ್ಟ ಹೆಸರು. ಈ ದೇಶದಲ್ಲಿ ನನ್ನ ಹೆಂಡತಿಯೊಬ್ಬಳಿಗೆ ಗೊತ್ತಿತ್ತು, ಅವಳು ಮನೆಯಲ್ಲಿದ್ದಳು. ಹೆಡ್‌ಫೋನ್ ಕಿತ್ತು ಕೆಳಗಿಟ್ಟೆ. "ಗುಂಡ್ಯಾ." ಮರಗಳ ಕಡೆಯಿಂದ ಬಂತು, ಆದರೆ ಹೆಡ್‌ಫೋನ್ ಹಾಕಿಕೊಂಡಿದ್ದಾಗ ಕೇಳಿದ್ದಕ್ಕಿಂತ ಜೋರಾಗಿಯೂ ಇಲ್ಲ, ಮೆಲ್ಲಗೂ ಇಲ್ಲ. ಗಂಡಸಿನ ದನಿಯೋ ಹೆಂಗಸಿನದೋ ಇವತ್ತಿಗೂ ಹೇಳಲಾರೆ.

ತುಟಿಗೆ ಬಂದ ಓ ಅನ್ನು ನುಂಗಿಕೊಂಡೆ. ಮೂರನೆಯ ಕರೆಗೆ ಕಾದೆ, ಬರಲಿಲ್ಲ. ಅವ್ವನನ್ನು ನೋಡಿ ನಗುತ್ತಿದ್ದ ಈ ಇಂಜಿನಿಯರ್ ಆಮೇಲೆ ಏನು ಮಾಡಿದ ಗೊತ್ತೇ? ಡಿಟೆಕ್ಟರ್ ಅಲ್ಲೇ ಒಗೆದು ಕಾರಿಗೆ ಓಡಿಹೋಗಿ ಬಾಗಿಲು ಲಾಕ್ ಮಾಡಿಕೊಂಡ. ಇರ್ಫಾನ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹೆಡ್‌ಫೋನ್ ಹಾಕಿಕೊಂಡಿದ್ದಾನೆ ಎಂದುಕೊಂಡೆ. ಹೇಳಿದರೆ ವರ್ಷವಿಡೀ ನನ್ನನ್ನು ಆಡಿಕೊಳ್ಳುತ್ತಾನೆ ಎಂದು ನಾಚಿಕೆಯೂ ಆಯಿತು. ಹೆದರಿಕೆ ಇಳಿದ ಮೇಲೆ ಹಸಿವಾಯಿತು. ಹೆಂಡತಿ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ, ಕಟಕ ರೊಟ್ಟಿ ಮುರಿದು ಶೇಂಗಾ ಚಟ್ನಿಯ ಜೊತೆ ತಿಂದೆ. ಒಂದಲ್ಲ, ಎರಡು ತಿಂದೆ.

ಒಂದೂಕಾಲಾದರೂ ಅವನು ಬರದಿದ್ದಾಗ ಹುಡುಕಿಕೊಂಡು ಹೋದೆ. ಮರಗಳ ಆಚೆ ಹುಲ್ಲಿನ ನಡುವೆ ಮುರಿದ ಹಲಗೆಗಳು, ಅವುಗಳ ಕೆಳಗೆ ಕತ್ತಲೆ. ಹಳೆಯ ಮನೆಯ ಬಾವಿ ಅದು. ಯಾರೋ ಎಂದೋ ಹಲಗೆ ಮುಚ್ಚಿದ್ದರು, ಅದರ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿತ್ತು. ಅಂಚಿನಲ್ಲಿ ಕಬ್ಬಿಣದ ಪಟ್ಟಿ ಇತ್ತು. ಡಿಟೆಕ್ಟರ್‌ನಲ್ಲಿ ಅದರ ಸದ್ದು ಕೇಳಿಯೇ ಅವನು ಅಲ್ಲಿ ಕಾಲಿಟ್ಟಿರಬೇಕು. ಬಗ್ಗಿ ಅವನ ಹೆಸರು ಕೂಗಿದೆ. ಎಷ್ಟು ಸಲ ಕೂಗಿದೆನೋ ನೆನಪಿಲ್ಲ. ತುರ್ತು ಸಹಾಯದವರನ್ನು ಕರೆದೆ.

ಅವನು ಉಳಿಯಲಿಲ್ಲ. ಡಾಕ್ಟರ್ ಎರಡು ಮಾತು ಹೇಳಿದರು. ಬಿದ್ದಾಗಲೇ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದೆ, ಕೂಗಲು ಸಾಧ್ಯವೇ ಇರಲಿಲ್ಲ. ಆದರೆ ಜೀವ ತಕ್ಷಣ ಹೋಗಿಲ್ಲ, ಬಾವಿಯ ತಳದ ಗೇಣು ಆಳದ ಆ ತಣ್ಣೀರಿನಲ್ಲಿ ಅರ್ಧ ಗಂಟೆಯಾದರೂ ಇದ್ದಿರಬಹುದು. ಆ ಅರ್ಧ ಗಂಟೆ ನಾನು ರೊಟ್ಟಿ ತಿನ್ನುತ್ತಿದ್ದೆ.

ಕೂಗಿದ್ದು ಅವನಲ್ಲವಾದರೆ ಯಾರು? ಓ ಎಂದು ಆ ದನಿಯತ್ತ ಓಡಿದ್ದರೆ ಅವನನ್ನು ಉಳಿಸುತ್ತಿದ್ದೆನೋ, ನಾನೂ ಅದೇ ಬಾವಿಗೆ ಬೀಳುತ್ತಿದ್ದೆನೋ? ಕರೆದದ್ದು ಕಾಪಾಡಲೋ, ಒಯ್ಯಲೋ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ವರ್ಷಗಳೇ ಕಳೆದಿವೆ. ಈಗ ಮನೆಯಲ್ಲಿ ಯಾರು ಕರೆದರೂ ಒಂದೇ ಸಲಕ್ಕೆ ಓ ಎನ್ನುತ್ತೇನೆ. ಒಮ್ಮೊಮ್ಮೆ ಯಾರೂ ಕರೆದಿರುವುದಿಲ್ಲ, ಹೆಂಡತಿ ಗಾಬರಿಯಾಗಿ ನೋಡುತ್ತಾಳೆ.

ಮಣ್ಣು ಕೊಟ್ಟು ಬಂದ ದಿನ ಇರ್ಫಾನ್‌ನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು: "ಅಣ್ಣಾ, ಅವರು ನಿಮ್ಮನ್ನ ಕರದಿದ್ರೇನ್ರಿ?"

"ಇಲ್ರೀ ಭಾಭಿ," ಎಂದೆ.

ಡಾಕ್ಟರ್ ಹೇಳಿದ ಮೇಲೆ ಅದು ಸುಳ್ಳಾಗಬೇಕಿಲ್ಲ. ಆದರೂ ಒಂದು ಸಂಶಯ ನನ್ನನ್ನು ಬಿಟ್ಟಿಲ್ಲ. ಆ ಬೆಳಿಗ್ಗೆ ಕಾರಿನಲ್ಲಿ ತಾಯಂದಿರ ಮಾತು ಬಂದಾಗ, ಅವ್ವ ನನ್ನನ್ನು ಏನೆಂದು ಕರೆಯುತ್ತಿದ್ದಳು ಎಂಬುದನ್ನು ಇರ್ಫಾನ್‌ಗೆ ಹೇಳಿದ್ದೆನೇ? ನಕ್ಕಿದ್ದು ನೆನಪಿದೆ. ಹೇಳಿದ್ದೆನೋ ಇಲ್ಲವೋ, ಎಷ್ಟು ತಲೆ ಕೆಡಿಸಿಕೊಂಡರೂ ನೆನಪಾಗುವುದಿಲ್ಲ.