ನಾಬುಲು ಹುಡುಕಿದ ಚಪ್ಪಲಿ

ನಾಬುಲು ನನ್ನ ಸವತಿ. ಸವತಿಯ ಬದುಕನ್ನು ಸವತಿ ಹೇಳಿದರೆ ಯಾರೂ ನಂಬುವುದಿಲ್ಲ, ಗೊತ್ತು. ಒಂದೇ ಮುಳ್ಳುಬೇಲಿಯೊಳಗೆ ಹತ್ತೊಂಬತ್ತು ವರ್ಷ ಇದ್ದೇವೆ. ಅವಳ ಚಹಾಕ್ಕೆ ಸಕ್ಕರೆ ಜಾಸ್ತಿ, ಮಾತಿಗೆ ಕಡಿಮೆ. ಆದರೂ ಅವಳ ಮಗಳ ಮದುವೆಯ ಹಿಂದಿನ ದಿನ ನಾನು ಮರುಗಿದ್ದು ಅವಳಿಗಾಗಿಯೇ.

ಎಂಟು ವರ್ಷದ ಹಿಂದೆ ನಮ್ಮ ಸಾಂಬುರು ಸೀಮೆಯ ಹಟ್ಟಿಗಳೆಲ್ಲ ಕೂಡಿ ಕಾಡು ಕಾಯಲು ಜನ ಆರಿಸಿದಾಗ, ಗಂಡಸರ ಸಾಲಿನಲ್ಲಿ ಇವಳೂ ಹೋಗಿ ನಿಂತಳು. ಜಿರಾಫೆಗಳ ಮೇಲೆ ಕಣ್ಣಿಡುವ ಕೆಲಸ ಇವಳ ಪಾಲಿಗೆ ಬಂತು. ಒಂದರ ಮೈಮೇಲಿನ ಬಿಳಿ ಗೆರೆಗಳ ಬಲೆಯಂಥದು ಇನ್ನೊಂದಕ್ಕಿಲ್ಲವಂತೆ. ಎಪ್ಪತ್ತಮೂರನ್ನೂ ಗುರುತಿಸುತ್ತಿದ್ದಳು. ಕೋಡಿನ ತುದಿಯಲ್ಲಿ ಕೂದಲಿದ್ದರೆ ಹೆಣ್ಣು. ಗಂಡಿನದು ಕತ್ತು ಬೀಸಿ ಗುದ್ದಾಡಿ ಬೋಳಾಗಿರುತ್ತದೆ. ನಮ್ಮ ಯಜಮಾನನ ತಲೆಯೂ ಬೋಳೇ, ಆದರೆ ಆತ ಗುದ್ದಾಡಿದ್ದನ್ನು ನಾವಿಬ್ಬರೂ ಕಂಡಿಲ್ಲ.

ಅವಳಿಗೆ ಎಲ್ಲಕ್ಕಿಂತ ಹತ್ತಿರದ್ದು ಕೊಡಲಿ. ಕತ್ತಿನ ಎಡಕ್ಕೆ ಕೊಡಲಿಯಂಥ ಮಚ್ಚೆಯಿದ್ದ ಹೆಣ್ಣು ಜಿರಾಫೆ. ಅದು ಈಯುವ ದಿನ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ನಿಂತೇ ಈದಿತು. ಆಳೆತ್ತರದಿಂದ ಮರಿ ದೊಪ್ಪನೆ ನೆಲಕ್ಕೆ ಬಿತ್ತು.

"ಅಯ್ಯೋ ಅಕ್ಕಾ, ಸತ್ತೇ ಹೋಯ್ತಲ್ಲೇ!" ಎಂದು ಚೀರಿದೆ.

"ಸುಮ್ನಿರೇ, ಬಿದ್ದಿದ್ದೇ ಏಳೋದು. ನೀನಾಗಿದ್ರೆ ಮೂರು ದಿನ ಮಲಗಿರ್ತಿದ್ದೆ."

ಒಂದು ಗಂಟೆಯೊಳಗೆ ಮರಿ ಎದ್ದು, ನಡುಗುವ ಕಾಲಲ್ಲೇ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ನಾಬುಲು ಅಳುತ್ತಿದ್ದಳು, ಕಣ್ಣಿಗೆ ಧೂಳು ಬಿತ್ತು ಎಂದಳು.

ಜಿರಾಫೆಗೆ ಎಲೆಯಲ್ಲೇ ನೀರು ಸಿಗುತ್ತದೆ, ಹೊಂಡಕ್ಕೆ ದಿನವೂ ಬರುವುದಿಲ್ಲ. ಬಂದಾಗ ಮುಂಗಾಲು ಎರಡೂ ಅಗಲಿಸಿ ಬಗ್ಗಬೇಕು. ಕೆಸರಲ್ಲಿ ಕಾಲು ಜಾರಿತೋ, ಮುಗಿಯಿತು, ತಾನಾಗಿ ಏಳಲಾರದು. ಹಗ್ಗ ಬೇಕು, ಹತ್ತು ಜನ ಬೇಕು. ಹಿಂದೆ ಎರಡು ಸಲ ಕಾವಲಿನವರು ಹಾಗೆ ಎಳೆದು ಬದುಕಿಸಿದ್ದರು.

ಮರಿಗೆ ಐದು ತಿಂಗಳಾದಾಗ ಕೊಡಲಿ ಜಾರಿತು. ನಾಬುಲು ಮರುದಿನ ಬೆಳಿಗ್ಗೆ ಕಂಡಳು. ಕಾಲು ಎರಡೂ ಅಗಲಕ್ಕೆ ಚಾಚಿ ಸತ್ತಿತ್ತು. ಮರಿ ಪಕ್ಕದಲ್ಲೇ ನಿಂತಿತ್ತು. ಬಾಲದ ಕುಚ್ಚನ್ನು ಯಾರೋ ಚಾಕುವಿನಿಂದ ನೀಟಾಗಿ ಕೊಯ್ದಿದ್ದರು.

ಮನೆಗೆ ಬಂದವಳ ಮುಖ ಬೂದಿಯಾಗಿತ್ತು.

"ಮರದ ಕೆಳಗೆ ಮೂರು ಕಡೆ ಕೂತ ಗುರುತಿದೆ ಕಣೇ. ನೆರಳು ಸರಿದ ಹಾಗೆ ಅವನೂ ಸರ್ಕೊಂಡು ಕೂತಿದಾನೆ. ಅರ್ಧ ದಿನ! ಅದರ ಪ್ರಾಣ ಹೋಗ್ಲಿ ಅಂತ ಕಾಯ್ತಾ ಕೂತಿದಾನೆ. ನಾನು ಗುಡ್ಡದ ಆಚೆನೇ ಇದ್ದೆ. ಒಂದು ಕೂಗು ಹಾಕಿದ್ರೆ ಸಾಕಿತ್ತಲ್ಲೇ, ಒಂದೇ ಕೂಗು!"

ಟೈರಿನ ಚಪ್ಪಲಿಯ ಹೆಜ್ಜೆ, ಗಂಡಸಿನ ಅಳತೆ, ಎಡ ಹಿಮ್ಮಡಿಯಲ್ಲಿ ಒಂದು ಮೊಳೆ ಇಲ್ಲ. ನಾಬುಲು ಹಿರಿಯರ ಮುಂದೆ ಆಣೆಯಿಟ್ಟಳು: "ಯಾರೇ ಆಗ್ಲಿ, ನನ್ನ ಒಡಹುಟ್ಟಿದವನೇ ಆಗ್ಲಿ, ಆ ಚಪ್ಪಲಿ ತಂದು ನಿಮ್ಮ ಮುಂದೆ ಇಡ್ತೀನಿ." ಎರಡು ತಿಂಗಳು ಅವಳು ಗಂಡಸರ ಮುಖ ನೋಡಲಿಲ್ಲ, ಕಾಲು ನೋಡಿದಳು. ಅವಳು ಬಂದರೆ ಸಾಕು, ಮುದುಕರೆಲ್ಲ ಕಾಲು ಮಡಚಿ ಕೂರುತ್ತಿದ್ದರು.

ಅಷ್ಟರಲ್ಲಿ ಅವಳ ಮಗಳು ನಾಯ್ಸುಲಳ ಮದುವೆ ಬಂತು. ಹಿಂದಿನ ದಿನ ನಾಬುಲುವಿನ ತಾಯಿ ನರೆಯೊ ತನ್ನ ಹಟ್ಟಿಯಿಂದ ಬಂದಳು. ಆ ಹಟ್ಟಿ ಹೊಂಡದ ಪಕ್ಕದ್ದೇ. ಮೊಮ್ಮಗಳಿಗೆಂದು ಮದುವೆಯ ಸರ ತಂದಿದ್ದಳು. ಕೆಂಪು ಮಣಿಯ ಆ ಸರವನ್ನು ಒಮ್ಮೆ ಕಟ್ಟಿದರೆ ಗಂಡ ಬದುಕಿರುವವರೆಗೆ ಬಿಚ್ಚುವಂತಿಲ್ಲ. ಈಗ ಎಲ್ಲರೂ ತಾಳೆನಾರಿನಲ್ಲೇ ಪೋಣಿಸುತ್ತಾರೆ. ಇದರ ಎಳೆ ಕಪ್ಪಗೆ, ದಪ್ಪಗೆ ಮಿನುಗುತ್ತಿತ್ತು. ನಾಬುಲು ಅದನ್ನು ಬೆರಳಲ್ಲಿ ಹಿಡಿದವಳು ಹಾಗೇ ನಿಂತಳು. ಆಮೇಲೆ ತಾಯಿಯ ಕಾಲು ನೋಡಿದಳು, ಧೂಳಲ್ಲಿ ಮೂಡಿದ್ದ ಹೆಜ್ಜೆ ನೋಡಿದಳು: ಎಡ ಹಿಮ್ಮಡಿಯಲ್ಲಿ ಒಂದು ಮೊಳೆ ಇಲ್ಲ.

ತೀರಿಹೋದ ಗಂಡನ ಟೈರಿನ ಚಪ್ಪಲಿಯನ್ನೇ ಮೆಟ್ಟಿ ಓಡಾಡುವ ಮುದುಕಿ ಅವಳು. ಹತ್ತಾರು ಸಲ ನಮ್ಮ ಬೇಲಿ ದಾಟಿ ಬಂದಿದ್ದಳು. ಆದರೆ ಕಾವಲಿಗೆ ಸೇರಿದ ಮೊದಲ ಹೆಂಗಸೇ ಹೆಂಗಸಿನ ಕಾಲು ನೋಡಿರಲಿಲ್ಲ!

"ಅವ್ವಾ... ನೀನಾ?"

"ನಾನೇನು ಕೊಂದ್ನಾ? ಅದೇ ಬಿತ್ತು. ನಾನು ಸುಮ್ನೆ ಕೂತಿದ್ದೆ."

"ಅದು ಬದುಕಿತ್ತಲ್ಲವ್ವಾ!"

"ಮಧ್ಯಾಹ್ನದವರೆಗೂ ಇತ್ತು. ಕತ್ತು ಎತ್ತಿ ಎತ್ತಿ ನೋಡ್ತಿತ್ತು. ಕೂಗಿದ್ರೆ ನೀವು ಎಬ್ಬಿಸ್ತಿದ್ರಿ. ಈ ಬಾಲದ ಕೂದಲು ಮತ್ತೆಲ್ಲಿ ಸಿಗೋದು? ನಾರು ಹರಿದ್ರೆ ಮೊಮ್ಮಗಳ ಗಂಡನಿಗೆ ಕೇಡು."

ಅಜ್ಜಿಯ ಪ್ರೀತಿ ಅಷ್ಟು ಹೊತ್ತು ನೆರಳಲ್ಲಿ ಕೂತು ಸಾಯುವ ಜೀವದ ಕಣ್ಣನ್ನೇ ನೋಡುತ್ತಿತ್ತು ಎಂದರೆ ನಂಬುವುದು ಹೇಗೆ?

"ಮೆಟ್ಟು ಬಿಚ್ಚು," ಎಂದಳು ನಾಬುಲು.

"ನನ್ನ ಮೆಟ್ಟು ಆಮೇಲೆ ಬಿಚ್ಸುವಂತೆ," ಮುದುಕಿ ರೇಗಿದಳು. "ಮೊದ್ಲು ನಿನ್ನ ಕೊರಳಿನ ಸರ ಬಿಚ್ಚು. ಇಪ್ಪತ್ಮೂರು ವರ್ಷದಿಂದ ಹರೀದೇ ಇರೋದು ತಾಳೆನಾರು ಅಂದ್ಕೊಂಡ್ಯಾ? ನಿಮ್ಮಪ್ಪ ಈಟಿ ಹಿಡ್ಕೊಂಡು ಎಂಟು ದಿನ ಅಲೆದು ತಂದಿದ್ದು."

ನಾಬುಲುವಿನ ಕೈ ಕೊರಳಿನ ಸರಕ್ಕೆ ಹೋಯಿತು, ಅಲ್ಲೇ ನಿಂತಿತು. ಬಿಚ್ಚುವಂತಿಲ್ಲ. ನಮ್ಮ ಯಜಮಾನ ಹೊರಗೆ ಮೇಕೆಗಳನ್ನು ಬೈಯುತ್ತಿದ್ದ, ಗಟ್ಟಿಮುಟ್ಟಾಗಿ ಬದುಕಿದ್ದ. ಎಂಟು ವರ್ಷ ಜಿರಾಫೆ ಕಾದವಳು ಜಿರಾಫೆಯ ಬಾಲವನ್ನೇ ಕೊರಳಲ್ಲಿ ಹೊತ್ತು ತಿರುಗಿದ್ದಳು.

ಆದರೂ ಆಣೆ ಮುರಿಯಲಿಲ್ಲ. ತಾಯಿಯ ಕಾಲಿಂದ ತಾನೇ ಚಪ್ಪಲಿ ಬಿಚ್ಚಿ ಹಿರಿಯರ ಮರದ ಕೆಳಗೆ ಇಟ್ಟಳು, ತನ್ನ ಸರದ ಸಂಗತಿಯನ್ನೂ ತಾನೇ ಹೇಳಿದಳು. ಹಿರಿಯರು ನೆಲ ನೋಡಿದರು. ಅವರ ಹೆಂಡಿರ ಕೊರಳಲ್ಲೇನಿದೆಯೋ ಯಾರು ಕಂಡರು. ನಾನೂ ಅವಳೂ ಕೂತು ನಾಯ್ಸುಲಳ ಸರದ ಕೆಂಪು ಮಣಿಗಳನ್ನೆಲ್ಲ ಕಳಚಿ ತಾಳೆನಾರಿಗೆ ಪೋಣಿಸಿದೆವು. ಮುದುಕಿ ಬರಿಗಾಲಲ್ಲಿ ಮೂಲೆಯಲ್ಲಿ ಕೂತು ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ.

ಮದುವೆ ಮುಗಿದ ಮುಂದಿನ ವಾರ ನಾಬುಲುವಿನ ಜೊತೆ ಹೊಂಡಕ್ಕೆ ಹೋಗಿದ್ದೆ. ಕೊಡಲಿಯ ಮರಿ ಬದುಕಿತ್ತು, ಬೇರೆ ತಾಯಂದಿರ ಗುಂಪಿನಲ್ಲಿ ಮೇಯುತ್ತಿತ್ತು. ಹುಟ್ಟಿದಾಗಿನಿಂದ ಕಂಡವಳಲ್ಲವೇ, ನಾಬುಲುವಿಗೆ ಅದು ಹೆದರುವುದಿಲ್ಲ. ಹತ್ತಿರ ಬಂದು ಕತ್ತು ಬಗ್ಗಿಸಿ ನೋಡಿತು. ಆ ಉರಿಬಿಸಿಲಿನಲ್ಲಿ ನಾಬುಲು ಹೊದಿಕೆಯನ್ನು ಎಳೆದು ತನ್ನ ಕೊರಳು ಮುಚ್ಚಿಕೊಂಡಳು.