ನೋಡದೆ ಹಾಕಿದ ಟಿಕ್

ದೊಡ್ಡಕ್ಕನನ್ನು ನಾನು ಮೊದಲು ಕಂಡ ದಿನವೇ ಅವರು ನನ್ನೆದುರು ಬೈಸಿಕೊಂಡರು. ಬೆಂಕಿ ಆರಿಸುವ ಸಿಲಿಂಡರ್ ಮಾರುವ ಕಂಪನಿಗೆ ನಾನು ಸೇರಿ ಎರಡು ಗಂಟೆಯೂ ಆಗಿರಲಿಲ್ಲ. "ಬಾ, ಬೈಸ್ಕೊಳ್ಳೋದು ಹೇಗೆ ಅಂತ ತೋರಿಸ್ತೀನಿ" ಎಂದು ಒಂದು ಮುದ್ರಣಾಲಯಕ್ಕೆ ಕರೆದೊಯ್ದರು. ಅಲ್ಲಿಯ ಮಾಲೀಕ ತಲೆ ಕೂಡ ಎತ್ತಲಿಲ್ಲ. "ಬೆಳಬೆಳಗ್ಗೆ ಬೆಂಕಿ ಗಿಂಕಿ ಅಂತ ಬಂದ್ಬಿಡ್ತಾರೆ, ಏನೂ ಬೇಡ, ಹೊರಡಿ" ಎಂದ. "ಆಗ್ಲಿ ಸರ್, ಆ ಕಾಗದದ ಕಟ್ಟು ಮಾತ್ರ ಸ್ವಿಚ್ ಬೋರ್ಡಿಂದ ಸ್ವಲ್ಪ ದೂರ ಇಡ್ಸಿ" ಎಂದಷ್ಟೇ ಹೇಳಿ ದೊಡ್ಡಕ್ಕ ಹೊರಬಂದರು. ಮೆಟ್ಟಿಲಿಳಿಯುತ್ತ ನನ್ನ ಕಡೆ ತಿರುಗಿ, "ನೋಡಿದ್ಯಾ, ಇನ್ನೂ ಬದುಕಿದ್ದೀನಿ. ನಾಳೆ ನಿನ್ನ ಸರದಿ" ಎಂದು ನಕ್ಕರು.

ಅವರು ನಮ್ಮ ಆರು ಜನರ ತಂಡದ ಮುಖ್ಯಸ್ಥೆ. ಹೆಸರಿಗಿಂತ ದೊಡ್ಡಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಹದಿನೈದು ವರ್ಷ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಆ ಕೆಲಸಕ್ಕೆ ಯಂತ್ರ ಬಂದಾಗ ಇವರನ್ನು ಮನೆಗೆ ಕಳಿಸಿದರು. ನಲವತ್ತನೇ ವಯಸ್ಸಿನಲ್ಲಿ ಮಾರಾಟಕ್ಕೆ ಇಳಿದಾಗ ಗಂಟಲೊಂದು ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲವಂತೆ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಯಾವುದನ್ನೂ ಸುಲಭಕ್ಕೆ ಮೆಚ್ಚದ ಅತ್ತೆ. "ನಮ್ಮತ್ತೆನ ಒಪ್ಪಿಸಿದೋಳು ನಾನು, ಗಿರಾಕಿ ಯಾವ ಲೆಕ್ಕ?" ಎನ್ನುವರು.

ಕೂತಲ್ಲಿಂದಲೇ ಬೆರಳು ತೋರಿಸಿ ಕೆಲಸ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೇರೆ ತಂಡಗಳ ಮುಖ್ಯಸ್ಥರು ಹಾಗೆಯೇ ಇದ್ದರು. ದೊಡ್ಡಕ್ಕ ಮಾತ್ರ ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆದು ತೋರಿಸುವರು, ಆಮೇಲೆ ಸುತ್ತಿಗೆ ನಮ್ಮ ಕೈಗೆ ಕೊಡುವರು. ಗಿರಾಕಿಯ ಜಾಗಕ್ಕೆ ಹೋದರೆ ಮೊದಲ ಐದು ನಿಮಿಷ ಬಾಯಿ ಬಿಡಬಾರದು, ಬೆಂಕಿ ಎಲ್ಲಿಂದ ಹುಟ್ಟಬಹುದು ಎಂದು ಸುಮ್ಮನೆ ನೋಡಬೇಕು ಎಂದು ಅವರೇ ಕಲಿಸಿದ್ದು. ವಟವಟ ಎನ್ನುವ ನನಗೆ ಆ ಐದು ನಿಮಿಷ ಐದು ವರ್ಷದಂತೆ ಅನ್ನಿಸುತ್ತಿತ್ತು.

ಇನ್ನೊಂದು ನಿಯಮವಿತ್ತು. ನಮ್ಮ ಸಿಲಿಂಡರಿನ ಹಿಡಿಯನ್ನು ಒಂದು ಸಲ ಒತ್ತಿದರೆ ಮುಗಿಯಿತು, ಎರಡೇ ಸೆಕೆಂಡ್ ಒತ್ತಿದರೂ ಅದು ಸತ್ತಂತೆ. ಒಳಗಿನ ಪುಡಿ ಬಾಯಿಯಲ್ಲಿ ಸಿಕ್ಕಿಕೊಂಡು ಒತ್ತಡ ನಿಧಾನಕ್ಕೆ ಸೋರುತ್ತದೆ. ಸಂಜೆ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿ ಇರುತ್ತದೆ, ಬೆಳಗಾಗುವುದರೊಳಗೆ ಕೆಂಪಿಗೆ ಬಿದ್ದಿರುತ್ತದೆ. ಅದಕ್ಕಾಗಿ ದಿನಾ ಬೆಳಗ್ಗೆ ವ್ಯಾನಿನಲ್ಲಿರುವ ಪ್ರತಿ ಸಿಲಿಂಡರಿನ ಮುಳ್ಳನ್ನು ಕಣ್ಣಾರೆ ನೋಡಿ ಒಂದು ಸ್ಲಿಪ್ಪಿನಲ್ಲಿ ಟಿಕ್ ಹಾಕಬೇಕು. ಆರು ಸಿಲಿಂಡರ್, ಆರು ಟಿಕ್.

ನನ್ನ ಆರು ತಿಂಗಳ ಪರೀಕ್ಷಾ ಅವಧಿಯ ಕೊನೆಯ ವಾರ ಅದು. ಕೆಲಸ ಕಾಯಂ ಆಗದಿದ್ದರೆ ಮತ್ತೆ ಹಳೆಯ ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲಬೇಕಿತ್ತು. ನಾನಿದ್ದದ್ದು ಅಕ್ಕನ ಮನೆಯಲ್ಲಿ. "ಬೆಂಕಿ ಹಚ್ಚಿ ಸಂಬಳ ತಗೊಳ್ಳೋಳು ನಮ್ಮ ವಂಶದಲ್ಲೇ ನೀನೊಬ್ಬಳು" ಎಂದು ಭಾವ ರೇಗಿಸುವರು. ನಗುತ್ತಿದ್ದೆನಾದರೂ ಅವರ ಮನೆಯ ನಡುಕೋಣೆಯಲ್ಲಿ ಹಾಸಿಗೆ ಬಿಡಿಸುವಾಗಲೆಲ್ಲ ಎದೆಯಲ್ಲಿ ಚುಳುಕ್ ಎನ್ನುತ್ತಿತ್ತು.

ಆಗಲೇ ಹಾಸಿಗೆ ತಯಾರಿಸುವ ಒಂದು ಕಾರ್ಖಾನೆಯಿಂದ, ಬೆಂಕಿ ಹಚ್ಚಿ ಆರಿಸಿ ತೋರಿಸುವ ಡೆಮೊಗೆ ಕರೆ ಬಂತು. ಒಪ್ಪಿದರೆ ಅರವತ್ತು ಸಿಲಿಂಡರ್ ಬೇಕಾಗುವ ಜಾಗ. ನಮ್ಮ ಮ್ಯಾನೇಜರು ತಾವೂ ಬರುತ್ತೇನೆಂದರು. ದೊಡ್ಡಕ್ಕ ನನ್ನ ಕಡೆ ನೋಡಿ, "ಡೆಮೊ ನೀನೇ ಮಾಡ್ತೀಯ. ನಾನು ಪಕ್ಕದಲ್ಲಿರ್ತೀನಿ" ಎಂದರು. ಬೆಳಗ್ಗೆ ಆಫೀಸಿನ ಬೆಂಚಿನ ಮೇಲೆ ಕೂತು ಹೇಳಬೇಕಾದ ಮಾತನ್ನು ಉರು ಹೊಡೆಯುತ್ತಿದ್ದೆ. ಸ್ಲಿಪ್ಪು ತೊಡೆಯ ಮೇಲಿತ್ತು. ಕೆಳಗೆ ವ್ಯಾನಿನ ಹತ್ತಿರ ಹೋಗಿ ಬರುವಷ್ಟು ವ್ಯವಧಾನ ಇರಲಿಲ್ಲ. ಒಂದೇ ಉಸಿರಿಗೆ ಆರು ಟಿಕ್ ಎಳೆದುಬಿಟ್ಟೆ.

ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ತಗಡಿನ ತಟ್ಟೆ ಇಟ್ಟು, ಡೀಸೆಲ್ ಸುರಿದು ಬೆಂಕಿ ಹಚ್ಚಿದೆವು. ಇಪ್ಪತ್ತು ಅಡಿ ಆಚೆ ಗೋಡೆಗೊರಗಿಸಿ ಹತ್ತಿಯ ಮೂಟೆ ಪೇರಿಸಿದ್ದರು. ಮಾಲೀಕರು ಕೈಕಟ್ಟಿ ನಿಂತಿದ್ದರು, ಪಕ್ಕದಲ್ಲಿ ನಮ್ಮ ಮ್ಯಾನೇಜರು, ಸುತ್ತ ಮೂವತ್ತು ಕೆಲಸಗಾರರು. ಪಿನ್ ಕಿತ್ತು, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿದೆ. 'ಪುಸ್' ಎಂದು ಒಂದು ಹಿಡಿ ಪುಡಿ ಹಾರಿತು. ಅಷ್ಟೇ.

ಮತ್ತೆ ಒತ್ತಿದೆ. ಏನೂ ಬರಲಿಲ್ಲ. ಮುಳ್ಳು ಕೆಂಪಿನ ಮೂಲೆಯಲ್ಲಿ ಸುಮ್ಮನೆ ಮಲಗಿತ್ತು. ಅಷ್ಟರಲ್ಲಿ ಗಾಳಿ ತಿರುಗಿ ಜ್ವಾಲೆ ಮೂಟೆಗಳ ಕಡೆಗೆ ಬಾಗಿತು. ಯಾರೋ ಕೂಗಿದರು. ನಾನು ಅದೇ ಸತ್ತ ಸಿಲಿಂಡರಿನ ಹಿಡಿಯನ್ನು ಒತ್ತುತ್ತಲೇ ಇದ್ದೆ.

ದೊಡ್ಡಕ್ಕ ಓಡಲಿಲ್ಲ, ಕೂಗಲೂ ಇಲ್ಲ. ಎರಡನೇ ಸಿಲಿಂಡರಿನ ಮುಳ್ಳು ನೋಡಿ, ಪಿನ್ ಕಿತ್ತು, ಅದನ್ನು ನನ್ನ ಕೈಗೇ ಕೊಟ್ಟರು. ತಾವು ಹೋಗಿ ಬೆಂಕಿಗೂ ಮೂಟೆಗೂ ನಡುವೆ ನಿಂತರು. "ಬುಡಕ್ಕೆ ಹಿಡಿ. ನನ್ನ ನೋಡ್ಬೇಡ, ಬೆಂಕಿ ನೋಡು. ಒತ್ತು."

ಒತ್ತಿದೆ. ಬೆಂಕಿ ಆರಿತು. ಪುಡಿಯಲ್ಲಿ ಮುಳುಗಿದ ದೊಡ್ಡಕ್ಕ ಕೆಮ್ಮುತ್ತ ಈಚೆ ಬಂದರು. ಅವರೇ ಆರಿಸಿಬಿಡಬಹುದಿತ್ತು, ಅದು ಅವರಿಗೆ ಚಿಟಿಕೆ ಹೊಡೆದಷ್ಟು ಸುಲಭ. ಅವತ್ತು ನನ್ನ ಕೈಯಿಂದ ಕಿತ್ತುಕೊಂಡಿದ್ದರೆ ಜನ್ಮದಲ್ಲಿ ನಾನು ಇನ್ನೊಂದು ಸಿಲಿಂಡರ್ ಮುಟ್ಟುತ್ತಿರಲಿಲ್ಲ.

"ಇದನ್ನ ನಾನು ಕೊಂಡ್ಕೋಬೇಕಾ?" ಎಂದು ಮಾಲೀಕರು ಒಳಗೆ ಹೊರಟುಹೋದರು. ಮ್ಯಾನೇಜರು ಕೆಂಡವಾಗಿ ನನ್ನ ಕಡೆ ತಿರುಗಿದರು. "ಮುಳ್ಳು ಯಾರು ನೋಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಹೇಳಿದರು. "ತಪ್ಪು ನಂದು ಸರ್. ನಿನ್ನೆ ಸಂಜೆ ಶಾಲೆ ಡೆಮೊದಲ್ಲಿ ಎರಡು ಸೆಕೆಂಡ್ ಒತ್ತಿದ್ದೆ. ಮುಳ್ಳು ಹಸಿರಲ್ಲೇ ಇದೆ ಅಂತ ತುಂಬಿದ್ದರ ಸಾಲಲ್ಲಿ ನಾನೇ ಇಟ್ಟೆ. ಗೊತ್ತಿದ್ದೂ ಇಟ್ಟೆ."

ಅದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಉಳಿದರ್ಧ ಆರು ಟಿಕ್ಕುಗಳಾಗಿ ನನ್ನ ಜೇಬಿನಲ್ಲಿತ್ತು. ಮ್ಯಾನೇಜರಿಗೆ ಬೈಯಲು ಒಬ್ಬರು ಸಿಕ್ಕರೆ ಸಾಕಿತ್ತು, ಸ್ಲಿಪ್ಪು ಕೇಳಲಿಲ್ಲ. ನಾನೂ ಕೊಡಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ದೊಡ್ಡಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದರು, ನಾನು ನನ್ನ ಚಪ್ಪಲಿ ನೋಡುತ್ತ ಕೂತಿದ್ದೆ. ಆ ವಾರವೇ ಅವರ ಮುಖ್ಯಸ್ಥೆಯ ಸ್ಥಾನ ಹೋಯಿತು. ನನ್ನ ಕೆಲಸ ಕಾಯಂ ಆಯಿತು. ಭಾವ ಸಿಹಿ ತಂದರು. ನಾನು ಬಚ್ಚಲಿಗೆ ಹೋಗಿ ಸ್ಲಿಪ್ಪನ್ನು ಚೂರು ಚೂರು ಮಾಡಿ ನೀರು ಬಿಟ್ಟೆ. ಅಷ್ಟು ಹೇಡಿ ನಾನು, ಸುತ್ತಿ ಬಳಸಿ ಯಾಕೆ ಹೇಳಲಿ.

ಎರಡು ವರ್ಷ ಕಳೆದ ಮೇಲೆ ಅದೇ ಸ್ಥಾನಕ್ಕೆ ನನ್ನನ್ನೇ ಕೂರಿಸಿದರು. ದೊಡ್ಡಕ್ಕ ನನ್ನ ಕೈಕೆಳಗೆ ಬಂದರು. ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು: "ಆ ಕುರ್ಚಿ ಒಂದು ಕಾಲು ಕುಂಟತ್ತೆ, ಒರಗಿ ಕೂತ್ಕೋಬೇಡ." ಆಮೇಲೂ ಹೊಸಬರು ಯಾರೇ ಬರಲಿ, ಬೈಸಿಕೊಳ್ಳಲು ಮುಂದೆ ಹೋಗುವವರು ಅವರೇ. ನನಗೂ ಕಲಿಸುತ್ತಲೇ ಇದ್ದರು. ಅವರು ಅಷ್ಟು ಒಳ್ಳೆಯವರಾಗಿರುವುದನ್ನು ಕಂಡು ಕೆಲವೊಮ್ಮೆ ನನಗೆ ಸಿಟ್ಟೇ ಬರುತ್ತಿತ್ತು.

ಹೀಗೆ ಇನ್ನೊಂದು ವರ್ಷವೂ ಹೋಯಿತು. ಕಳೆದ ಸೋಮವಾರದ ಮಾತು. ನಮ್ಮ ತಂಡಕ್ಕೆ ಹೊಸದಾಗಿ ಬಂದ ಹೆಂಗಸೊಬ್ಬಳಿದ್ದಾಳೆ. ಮೊದಲು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ನಾವು ಟೀಚರಮ್ಮ ಎನ್ನುತ್ತೇವೆ. ಅವಳು ಮುಳ್ಳು ನೋಡದೆ ಟಿಕ್ ಹಾಕಿದ್ದಳು. ಗಿರಾಕಿಯ ಗೇಟಿನಲ್ಲಿ ಕೆಂಪಿಗಿಳಿದ ಮುಳ್ಳು ನನ್ನ ಕಣ್ಣಿಗೆ ಬಿತ್ತು. ಅನಾಹುತವೇನೂ ಆಗಲಿಲ್ಲ, ಆದರೆ ಸುದ್ದಿ ಮ್ಯಾನೇಜರ ಕಿವಿಗೆ ಬಿತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಅವರು ಹೇಳಿದರು, "ಇಂಥವರು ನಮಗೆ ಬೇಡ. ಮುಖ್ಯಸ್ಥೆ ನೀವಲ್ವಾ, ನೀವೇ ಹೇಳಿ ಕಳಿಸಿ."

ಎದ್ದು ನಿಂತೆ. ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು: ಜವಾಬ್ದಾರಿ, ಜನರ ಪ್ರಾಣ, ನಂಬಿಕೆ. ಟೀಚರಮ್ಮ ತನ್ನ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಮೇಜಿನ ಆ ತುದಿಯಲ್ಲಿ ದೊಡ್ಡಕ್ಕ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಮ್ಯಾನೇಜರು "ಹೂಂ?" ಎಂದರು.

"ಸರ್, ಹಾಸಿಗೆ ಕಾರ್ಖಾನೆ ಡೆಮೊ ದಿನ ಟಿಕ್ ಹಾಕಿದ್ದು ನಾನು. ನೋಡದೇ ಹಾಕಿದ್ದೆ. ಆರಕ್ಕೆ ಆರೂ. ನಾನು ನೋಡಿದ್ರೆ ಆ ಸಿಲಿಂಡರ್ ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ. ದೊಡ್ಡಕ್ಕ ಸ್ಥಾನ ಕಳ್ಕೊಂಡ್ರು, ನಾನು ಬಾಯಿ ಮುಚ್ಕೊಂಡು ಕೂತೆ. ಈ ತಪ್ಪಿಗೆ ಕಳಿಸೋದಾದ್ರೆ ನನ್ನಿಂದ ಶುರು ಮಾಡಿ."

ಮ್ಯಾನೇಜರು ನನ್ನ ಮುಖ ನೋಡಿದರು, ದೊಡ್ಡಕ್ಕನ ಮುಖ ನೋಡಿದರು, ಫೈಲು ಮುಚ್ಚಿ ಎದ್ದು ಹೋದರು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಬಂತು. ಟೀಚರಮ್ಮನಿಗೆ ಎಚ್ಚರಿಕೆ, ನನ್ನ ಸ್ಥಾನಕ್ಕೆ ಕತ್ತರಿ. ಕೆಲಸ ಮಾತ್ರ ಉಳಿಯಿತು.

ಮೆಟ್ಟಿಲ ಹತ್ತಿರ ದೊಡ್ಡಕ್ಕ ಸಿಕ್ಕರು. ಅವರ ಮುಖ ನೋಡುವ ಧೈರ್ಯವಿಲ್ಲದೆ ಗೋಡೆ ನೋಡುತ್ತ ಕೇಳಿದೆ, "ಅಕ್ಕಾ, ನಿಮಗೆ ಗೊತ್ತಿತ್ತಾ?"

"ಗೊತ್ತಾಗ್ದೆ ಏನೇ? ಬೆಂಕಿ ಮುಂದೆ ನಿಂತಾಗ್ಲೇ ಹೊಳೀತು. ನೀನು ಬೆಂಚ್ ಮೇಲೆ ಕೂತು ಟಿಕ್ ಹಾಕೋವಾಗ ವ್ಯಾನಿನ ಕೀ ನನ್ನ ಚೀಲದಲ್ಲಿತ್ತು."

ನನಗೆ ದುಃಖ ಉಕ್ಕಿ ಬಂತು. "ಮತ್ತೆ ಯಾಕೆ ಹೇಳ್ಲಿಲ್ಲ ಅಕ್ಕಾ? ಮೂರು ವರ್ಷ..."

"ನಾನು ಹೇಳಿದ್ರೆ ನೀನು ಕೆಲಸ ಕಳ್ಕೊಳ್ತಿದ್ದೆ, ಅಷ್ಟೇ. ನೀನೇ ಹೇಳ್ಲಿ ಅಂತ ಕಾದೆ" ಎಂದು ದೊಡ್ಡಕ್ಕ ಸೆರಗಿನಿಂದ ನನ್ನ ಮುಖ ಒರಟಾಗಿ ಒರೆಸಿದರು. "ಇಷ್ಟು ತಡ ಮಾಡ್ತೀಯ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ ಕಣೇ."